ಪ್ಲಾಸ್ಟಿಕ್ ಕೆಂಡ

ಸಿರಿಲ್ ಓಲ್ಡ್‌ರಾಯ್ಡ್ ಮಂಡಿಯೂರಿ, ಹಸಿರು ಅಮೃತಶಿಲೆಯ ಅಗ್ಗಿಷ್ಟಿಕೆಯೊಳಗೆ ತಲೆಯನ್ನೂ ಭುಜಗಳನ್ನೂ ತೂರಿಸಿದ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಅಗ್ಗಿಷ್ಟಿಕೆ ಅದು. ಒಳಗೆ ಹೊಗೆಗೂಡು ಇರಲಿಲ್ಲ, ಪ್ಲೈವುಡ್ಡಿನ ಗೋಡೆ ಹಣೆಗೆ ಬಡಿಯಿತು. ಅರ್ಧ ಆಯಸ್ಸನ್ನು ಗಣಿಯ ಬಿಲಗಳಲ್ಲಿ ತೆವಳಿಯೇ ಕಳೆದವನಿಗೆ ಇಲ್ಲಿ ಬಚ್ಚಿಟ್ಟುಕೊಳ್ಳಲಾಗಲಿಲ್ಲ. ಅವನ ಹಿಂಭಾಗ ಶೆಡ್ಡಿಗೆ ಹಿಡಿಸದ ಲಾರಿಯ ಹಾಗೆ ಅಂಗಡಿಯಲ್ಲೇ ಉಳಿಯಿತು.

"ಸಿರಿಲ್ ಅಲ್ವೇನೋ?" ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ. "ಆ ಪ್ಯಾಂಟಿನ ತೇಪೆ ಎಲ್ಲಿದ್ರೂ ನಂಗೆ ಗೊತ್ತಾಗುತ್ತೆ. ಸೋಮವಾರ ಸೋಮವಾರ ನಿಮ್ಮನೆ ಹಗ್ಗದ ಮೇಲೆ ನೋಡ್ತೀನಲ್ಲ."

ಐವಿ ಬಿಕರ್‌ಡೈಕ್. ಅವನ ಬೀದಿಯವಳೇ, ಎದುರು ಮನೆಯವಳು. ಅವರ ಊರು ಸ್ಕೆಲ್ಬಿಯ ಗಣಿಗೆ ಸೈರನ್ ಒಂದು ಇತ್ತಾದರೂ ಸುದ್ದಿಗೆ ಜನ ಐವಿಯನ್ನೇ ನಂಬುತ್ತಿದ್ದರು.

ಯಾರಿಗೂ ಕಾಣಬಾರದೆಂದೇ ಸಿರಿಲ್ ಹತ್ತಿರದ ಅಂಗಡಿಗಳನ್ನು ಬಿಟ್ಟು, ಹೆಂಡತಿ ಎನಿಡ್ ಜೊತೆ ಬಸ್ಸು ಹಿಡಿದು ಡಾಂಕಾಸ್ಟರ್‌ವರೆಗೆ ಬಂದಿದ್ದ. ಕಾರಣ ಅಲ್ಲೇ ಅವನ ಮೂಗಿನ ಕೆಳಗಿತ್ತು: ಪ್ಲಾಸ್ಟಿಕ್ಕಿನ ಕೆಂಡಗಳು, ಅವುಗಳ ಕೆಳಗೊಂದು ಕೆಂಪು ಬಲ್ಬು, ಬಲ್ಬಿನ ಮೇಲೆ ತಿರುಗುತ್ತ ಜ್ವಾಲೆಯ ನೆರಳಾಡಿಸುವ ತಗಡಿನ ಚಕ್ರ. ಕರೆಂಟಿನ ಅಗ್ಗಿಷ್ಟಿಕೆ. ಸುತ್ತುಚೌಕಟ್ಟು, ಕೆಳಗಿನ ಚಪ್ಪಡಿ, ಮೇಲಿನ ಹಲಗೆ ಎಲ್ಲ ಸೇರಿ ಪೂರಾ ಸೆಟ್ಟು, ಹೆಸರು 'ವಿಂಡರ್ಮಿಯರ್'.

ಸ್ಕೆಲ್ಬಿಯಲ್ಲಿ ಗಣಿಯವನಾದವನ ಮನೆಯೆದುರು ತಿಂಗಳಿಗೊಮ್ಮೆ ಗಣಿಯ ಲಾರಿ ಬಿಟ್ಟಿ ಕಲ್ಲಿದ್ದಲು ಸುರಿದು ಹೋಗುತ್ತದೆ. ಅದನ್ನು ಸಲಿಕೆಯಲ್ಲಿ ಒಳಗೆ ತುಂಬುವುದು ಗಂಡಸಿನ ಕೆಲಸ, ಮಾನ ಎರಡೂ. ಹೋದ ಚಳಿಗಾಲ ಪಕ್ಕದ ಮನೆಯ ಹ್ಯಾರಲ್ಡ್ ಸಗ್ಡನ್, ಹೆಂಡತಿ ವಿನ್ನಿಯ ಮೊಣಕಾಲು ಬಗ್ಗಿ ಬೂದಿ ಬಾಚಲು ಬಿಡುವುದಿಲ್ಲವೆಂದು ಇಂಥದ್ದೇ ಒಂದನ್ನು ಹಾಕಿಸಿದ್ದ. ಆ ಶುಕ್ರವಾರ ಗಣಿಯವರ ಕ್ಲಬ್ಬಿನಲ್ಲಿ, ಯೂನಿಯನ್ ಸಮಿತಿಯ ಸದಸ್ಯ ಸಿರಿಲ್ ಓಲ್ಡ್‌ರಾಯ್ಡ್, ಬಿಯರ್ ಲೋಟ ಹಿಡಿದು ಎದ್ದು ನಿಂತಿದ್ದ. "ನಮ್ಮ ಹ್ಯಾರಲ್ಡ್ ಮನೇಲಿ ಕೋಳಿಮರಿ ಸಾಕ್ತಾನೆ ಕಣ್ರೋ," ಎಂದಿದ್ದ. "ಬಲ್ಬಿನ ಕೆಳಗಿಟ್ಟು ಕಾಯಿಸ್ತಾನೆ."

ಕ್ಲಬ್ಬು ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಮುಂದೆ ಗಣಿಗೆ ಇಳಿಯುವ ಲಿಫ್ಟಿನಲ್ಲಿ ಹ್ಯಾರಲ್ಡ್ ಕಾಲಿಟ್ಟರೆ ಸಾಕು, ಕತ್ತಲಲ್ಲಿ ಇಪ್ಪತ್ತು ಗಂಡಸರು ಚಿಂವ್ ಚಿಂವ್ ಅನ್ನುತ್ತಿದ್ದರು. ಹ್ಯಾರಲ್ಡ್ ಒಂದು ಮಾತೂ ಆಡದೆ ಆ ಸೆಟ್ಟನ್ನು ಕಿತ್ತು ಶೆಡ್ಡಿನಲ್ಲಿಟ್ಟು, ಹಳೆಯ ಒಲೆಯನ್ನೇ ಕೂರಿಸಿದ. ಈಗ ಬೆಳಗಿನ ಪಾಳಿಗೆ ಮೊದಲು ಬೂದಿ ಬಾಚುವವನು ಅವನೇ. ಆ ಕೆರೆತದ ಸದ್ದು ಗೋಡೆಯಾಚೆಯಿಂದ ದಿನಾ ಸಿರಿಲ್‌ಗೆ ಕೇಳುತ್ತಿತ್ತು. ಅವನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ.

ಈಗ ಮಗಳು ಜಾಯ್ಸ್‌ಗೆ ಸಿರಿವಂತರ ಊರಾದ ಹ್ಯಾರೋಗೇಟ್‌ನ ಕಡೆ ಸಂಬಂಧ ಕೂಡಿಬಂದಿತ್ತು. ಹುಡುಗನ ತಾಯಿ ತಂದೆ ನಾಳೆ ಭಾನುವಾರ ಟೀಗೆ ಬರುವವರು. ಮಸಿ ಉಗುಳುವ ಒಲೆಯ ಮುಂದೆ ಬಿಳೀ ಕೈಗವಸಿನ ಆ ಹೆಂಗಸನ್ನು ಕೂರಿಸಲಾರೆ ಎಂದಳು ಎನಿಡ್. ಗಂಡ ಕೊನೇ ಗಳಿಗೆಯಲ್ಲಿ ಹಿಂಜರಿಯುತ್ತಾನೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆ ರೇಡಿಯೋ ಜೋರಾಗಿಟ್ಟು, ತಾನೇ ಸುತ್ತಿಗೆ ತಗೊಂಡು ಮುಂದಿನ ಕೋಣೆಯ ಒಲೆಯನ್ನು ಒಡೆದು ಹಾಕಿದ್ದಳು. ಮಹಡಿಯ ಮೇಲಿದ್ದ ಅವಳ ತಾಯಿ ಹ್ಯಾನಾ, ಗಣಿಯಲ್ಲಿ ಏನೋ ಸಿಡಿಯಿತೆಂದುಕೊಂಡು ಮಗ್ಗುಲು ಬದಲಿಸಿದ್ದಳು.

ಸಿರಿಲ್ ಅಗ್ಗಿಷ್ಟಿಕೆಯಿಂದ ಹಿಂದಕ್ಕೆ ಸರಿದು ಎದ್ದು ನಿಂತ. ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಸಮಾಧಿಕಲ್ಲುಗಳು ಸಾಲಾಗಿ ನಿಂತಿದ್ದವು. ಕಲ್ಲಿನ ಕೆಲಸದವರು ಎರಡನ್ನೂ ಮಾರುತ್ತಿದ್ದರು. ಅಮೃತಶಿಲೆಗೆ ಏನು ಭೇದ. ಐವಿ ಬಂದದ್ದು ತೀರಿಹೋದ ಗಂಡನ ಕಲ್ಲಿನ ಅಕ್ಷರಕ್ಕೆ ಮತ್ತೆ ಬಂಗಾರದ ಬಣ್ಣ ಹೊಡೆಸಲು.

"ಇಲ್ಲೇನ್ ಮಾಡ್ತಿದೀಯ?"

"ಕಲ್ಲು ನೋಡ್ತಿದೀನಿ," ಎಂದ ಸಿರಿಲ್.

"ಯಾವ ಕಲ್ಲು?"

ಸಿರಿಲ್‌ನ ಕೈ ತಾನಾಗಿಯೇ ಆ ಮಗ್ಗುಲಿನ ಸಾಲಿನತ್ತ ಎದ್ದಿತು. ಐವಿಯ ಮುಖ ಅರಳಿತು, ಆಮೇಲೆ ಮರ್ಯಾದೆಗೆ ಬಾಡಿತು.

"ಅಯ್ಯೋ. ಯಾರಿಗಪ್ಪಾ?"

ಬೆಲೆಪಟ್ಟಿ ನೋಡಲು ಒಳಕೋಣೆಗೆ ಹೋಗಿದ್ದ ಎನಿಡ್ ಯಾವ ಕ್ಷಣದಲ್ಲಾದರೂ ಹೊರಗೆ ಬರಬಹುದಿತ್ತು. ಸಿರಿಲ್‌ಗೆ ಮೊದಲು ಹೊಳೆದ ಹೆಸರು ಬಾಯಿಗೆ ಬಂತು. "ನಮ್ಮತ್ತೆಗೆ."

"ಹ್ಯಾನಾಗಾ? ಗುರುವಾರ ತಾನೇ ನನ್ ಜೊತೆ ಜಗಳ ಆಡಿದ್ಲಲ್ಲೋ. ಚೆನ್ನಾಗೇ ಆಡಿದ್ಲು." ಐವಿ ಕರವಸ್ತ್ರ ತೆಗೆದಳು. "ನೀನೇನೂ ಹೇಳ್ಬೇಡ, ಗಂಟಲು ಕಟ್ಟಿದೆ ನಿಂಗೆ. ಬೀದಿಯವರಿಗೆ ನಾನು ತಿಳಿಸ್ತೀನಿ." ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಸ್ಸಿನ ಕಡೆ ಓಡಿಯಾಗಿತ್ತು. ಬಂಗಾರದ ಬಣ್ಣ ಮರೆತೇ ಹೋಯಿತು.

ಅಂಗಡಿಯ ಮಾರಾಟಗಾರ ಲಂಬ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಏನೂ ಕೇಳದವನ ಹಾಗೆ ಕೆಮ್ಮಿದ. "ವಿಂಡರ್ಮಿಯರ್ ಇದೊಂದೇ ಉಳಿದಿರೋದು ಸರ್. ಸಂಜೆಯೊಳಗೆ ವ್ಯಾನು ಕಳಿಸ್ತೀವಿ. ನಿಮ್ಮೂರಿಗೇ ಹೋದ ವರ್ಷ ಒಂದು ಕಳಿಸಿದ್ವಿ. ಪಾಪ, ಆ ಮನುಷ್ಯ ಆಮೇಲೆ ಬಂದು ವಾಪಸ್ ತಗೋತೀರಾ ಅಂತ ಕೇಳಿದ್ರು. ಯಾಕೆ ಬೇಡ ಅಂತ ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ಸಿರಿಲ್ ತನ್ನ ಬೂಟುಗಳನ್ನು ನೋಡಿದ. ಹೊರಬಂದ ಎನಿಡ್ ದುಡ್ಡು ಎಣಿಸಿ ಕೊಟ್ಟಳು.

ಬಸ್ಸಿನಲ್ಲಿ ಎನಿಡ್ ದಾರಿಯುದ್ದಕ್ಕೂ ಹಲಗೆಯ ಮೇಲೆ ಏನೇನು ಇಡುವುದೆಂದು ಹೇಳುತ್ತ ಬಂದಳು. ಹಿತ್ತಾಳೆಯ ಕುದುರೆ, ಮಧ್ಯೆ ಗಡಿಯಾರ, ಆ ಕಡೆ ಇನ್ನೊಂದು ಕುದುರೆ. ಸಿರಿಲ್ ಹೇಳಬೇಕೆಂದು ಮೂರು ಸಲ ಉಸಿರೆಳೆದ. ಮೂರು ಸಲವೂ ಕುದುರೆಗಳು ಅಡ್ಡ ಬಂದವು.

ಬೀದಿಯ ತಿರುವಿನಲ್ಲಿ ಎನಿಡ್ ನಿಂತಳು. ಎರಡೂ ಸಾಲಿನ ಎಲ್ಲ ಮನೆಗಳ ಮುಂದಿನ ಕಿಟಕಿಗಳಿಗೂ ಹಗಲಿನಲ್ಲೇ ಪರದೆ ಎಳೆದಿತ್ತು. ಬೀದಿಯಲ್ಲಿ ಯಾರಾದರೂ ಸತ್ತರೆ ಮಣ್ಣಾಗುವವರೆಗೆ ಹಾಗೆಯೇ. ಎದುರು ಬಂದ ಮುದುಕನೊಬ್ಬ ಟೋಪಿ ತೆಗೆದು ಎದೆಗಿಟ್ಟುಕೊಂಡು ಗೋಡೆಗೆ ಸರಿದ.

"ಯಾರೋ ಹೋಗಿದಾರೆ ಕಣ್ರೀ," ಎಂದಳು ಎನಿಡ್ ಮೆಲ್ಲಗೆ. "ಬೆಳಿಗ್ಗೆ ಏನೂ ಇರ್ಲಿಲ್ಲ. ಯಾರಿರಬಹುದು?"

"ನಿಮ್ಮಮ್ಮ," ಎಂದ ಸಿರಿಲ್.

ಅವಳ ಚೀಲ ಕೈಜಾರಿತು. ಅವನು ಉಳಿದದ್ದನ್ನು ಹೇಳಿ ಮುಗಿಸಿದ ಮೇಲೆ ಅವಳು ಚೀಲ ಎತ್ತಿಕೊಂಡು ಮುಂದೆ ನಡೆದಳು. ಬೈದಿದ್ದರೆ ಅವನು ಸ್ವಲ್ಪ ಹಗುರಾಗುತ್ತಿದ್ದ.

ಅವರ ಮನೆಯ ಪರದೆಯೂ ಎಳೆದಿತ್ತು. ಒಳಗೆ ಅಡುಗೆಮನೆಯಲ್ಲಿ ಹ್ಯಾನಾ ಕಪ್ಪು ಕೋಟು, ಕಪ್ಪು ಟೋಪಿ ಹಾಕಿ, ಟೋಪಿಗೆ ಪಿನ್ನು ಚುಚ್ಚಿ ಸಿದ್ಧವಾಗಿ ಕೂತಿದ್ದಳು. ಮುಂದೆ ಬೇಯಿಸಿದ ಹಂದಿತೊಡೆಯ ದೊಡ್ಡ ತಟ್ಟೆ, ಸಾವಾದ ಮನೆಗೆ ನೆರೆಯವರು ಕಳಿಸುವಂಥದ್ದು, ಅರ್ಧ ಖಾಲಿ.

"ಬಂದ್ರಾ. ಎಲ್ಲರೂ ಪರದೆ ಎಳೆದ್ರು, ನಾನೂ ಎಳೆದೆ," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಯಾರು ಹೋಗಿರೋದು ಅಂತ ಮಾತ್ರ ಗೊತ್ತಾಗ್ಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಯಾರೋ ಇದನ್ನಿಟ್ಟು ಹೋಗಿದ್ರು. ಒಳ್ಳೇ ಹ್ಯಾಮು. ಸತ್ತವರು ಅನುಕೂಲಸ್ಥರೇ ಇರ್ಬೇಕು."

ಅಷ್ಟರಲ್ಲಿ ಯಾರೋ ಮುಂಬಾಗಿಲು ಬಡಿದರು. ಹ್ಯಾನಾ ವಯಸ್ಸಿಗೆ ಮೀರಿದ ಚುರುಕಿನಿಂದ ಹೋಗಿ ತೆರೆದಳು.

ಹೊಸ್ತಿಲ ಮೇಲೆ ಬಿಳೀ ಹೂವಿನ ಚಕ್ರ ಹಿಡಿದ ಐವಿ, ಅವಳ ಹಿಂದೆ ಅರ್ಧ ಬೀದಿ. ಐವಿ ಹ್ಯಾನಾಳನ್ನು ನೋಡಿದಳು. ಹೂವಿನ ಚಕ್ರ ಉರುಳಿಕೊಂಡು ಚರಂಡಿಯ ದಾರಿ ಹಿಡಿಯಿತು, ಐವಿ ಹಿಂದಕ್ಕೆ ವಾಲಿದಳು. ಅವಳನ್ನು ಹಿಡಿದವನು ಹ್ಯಾರಲ್ಡ್ ಸಗ್ಡನ್.

"ಮುಂದಿನ ಕೋಣೇಲಿ ಕೂರಿಸಿ," ಎಂದರು ಯಾರೋ.

"ಅಲ್ಲಿ ಬೇಡ," ಎಂದಳು ಎನಿಡ್. ಆದರೆ ಬೀದಿ ಆಗಲೇ ಒಳಗೆ ನುಗ್ಗಿತ್ತು. ಐವಿಯನ್ನು ಸೋಫಾದ ಮೇಲೆ ಹಾಕಿ ಎಲ್ಲರೂ ತಲೆಯೆತ್ತಿದರು. ಒಲೆಯಿದ್ದ ಜಾಗದಲ್ಲಿ, ಹಲ್ಲು ಕಿತ್ತ ಬಾಯಿಯ ಹಾಗೆ, ಕಪ್ಪು ತೂತು. ಅದರಿಂದ ಚಳಿಗಾಳಿ ಸುಯ್ಯೆಂದು ಬಂದು ಎಲ್ಲರ ಕಾಲು ಮುಟ್ಟಿತು.

"ಹೊಗೆಗೂಡಿನ ಇಟ್ಟಿಗೆ ಕುಸೀತು," ಎಂದ ಸಿರಿಲ್. "ಬೆಳಿಗ್ಗೆ."

ಐವಿ ಕಣ್ಣು ಬಿಟ್ಟು ಸಿರಿಲ್ ಕಡೆ ಬೆರಳು ಮಾಡಿದಳು. "ಇವನೇ ಹೇಳಿದ್ದು. ಡಾಂಕಾಸ್ಟರ್‌ನಲ್ಲಿ ಅತ್ತೆಗೆ ಕಲ್ಲು ಆರಿಸ್ತಿದ್ದ. ಬಗ್ಗಿ ಬಗ್ಗಿ ನೋಡ್ತಿದ್ದ."

ಕೋಣೆ ತಣ್ಣಗಾಯಿತು. ತೂತಿನ ಕಾರಣಕ್ಕಷ್ಟೇ ಅಲ್ಲ. ಸಿರಿಲ್‌ನ ಮುಂದೆ ಈಗ ಎರಡು ದಾರಿಗಳಿದ್ದವು: ಬದುಕಿರುವ ಅತ್ತೆಗೆ ಸಮಾಧಿಕಲ್ಲು ಕೊಳ್ಳುವವನಾಗುವುದು, ಇಲ್ಲವೇ ಕರೆಂಟಿನ ಅಗ್ಗಿಷ್ಟಿಕೆ ಕೊಳ್ಳುವವನಾಗುವುದು. ಅವನು ಹೆಚ್ಚು ಹೊತ್ತು ಯೋಚಿಸಲಿಲ್ಲ.

"ಮುಂಚೆನೇ ನೋಡಿಟ್ಟಿರೋಣ ಅಂತ," ಎಂದ.

"ನಾನಿನ್ನೂ ಬಿಸಿಯಾಗಿದೀನಲ್ಲೋ," ಎಂದಳು ಹ್ಯಾನಾ. ಆಮೇಲೆ ಮಗಳ ಕಡೆ ತಿರುಗಿದಳು. "ಮೊನ್ನೆ ರಾತ್ರಿ ಹಾಲಿಗೆ ತಾನೇ ಸಕ್ಕರೆ ಹಾಕಿ ಕೊಟ್ಟ ಕಣೆ. ಅವಾಗ್ಲೇ ಅಂದ್ಕೊಂಡೆ."

"ಯೂನಿಯನ್ನಿನೋನಂತೆ," ಎಂದಿತು ಬಾಗಿಲ ಬಳಿಯ ದನಿ. "ಥೂ."

ಆಗ ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಪರದೆ ಸರಿಸಿದಾಗ ಕಂಡದ್ದು ಕಲ್ಲಿನ ಅಂಗಡಿಯ ಹೆಸರು, ಹಿಂದಿನ ಬಾಗಿಲಲ್ಲಿ ಕಂಬಳಿ ಸುತ್ತಿದ ಉದ್ದನೆಯ ಚಪ್ಪಡಿಗಳು. ಗಂಡಸರೆಲ್ಲ ಅಭ್ಯಾಸಬಲದಿಂದ ಟೋಪಿ ತೆಗೆದರು.

"ಬಂದೇ ಬಿಡ್ತಾ," ಎಂದಳು ಹ್ಯಾನಾ. ದನಿಯಲ್ಲಿ ಕೋಪಕ್ಕಿಂತ ಕುತೂಹಲವೇ ಹೆಚ್ಚಿತ್ತು. "ಎಷ್ಟು ದೊಡ್ಡದಿದೆ. ಬಿಚ್ಚಿ, ನೋಡೋಣ. ನನ್ನ ಕಲ್ಲು ನಾನಲ್ದೆ ಇನ್ಯಾರು ನೋಡ್ಬೇಕು."

ಸಿರಿಲ್ ಜನರನ್ನು ಸೀಳಿಕೊಂಡು ಹೊರಗೆ ಓಡಿದ. ಡ್ರೈವರು ಕಂಬಳಿಯ ಒಂದು ತುದಿ ಎತ್ತಿದ್ದ. ಹಿತ್ತಾಳೆಯ ಅಂಚು ಫಳಕ್ಕೆಂದಿತು. ಸಿರಿಲ್ ಅದರ ಮೇಲೆ ಬೋರಲಾಗಿ ಬಿದ್ದ.

"ವಾಪಸ್ ತಗೊಂಡ್ಹೋಗು," ಎಂದ ಹಲ್ಲು ಕಚ್ಚಿ. "ಮಾತಾಡ್ಬೇಡ, ಹೋಗು."

"ಧಣಿ, ಮಾರಿದ್ದನ್ನ ನಮ್ಮಲ್ಲಿ ವಾಪಸ್..."

"ನೀನೇ ಇಟ್ಕೋ. ನಿಮ್ಮಮ್ಮಂಗೆ ಕೊಡು. ಹೋಗು ಮಾರಾಯ."

ವ್ಯಾನು ತಿರುವು ದಾಟಿತು. ಪರದೆಯ ಸಂದಿಯಿಂದ ಎನಿಡ್ ಅದನ್ನೇ ನೋಡುತ್ತಿದ್ದಳು. ಎರಡು ಹಿತ್ತಾಳೆಯ ಕುದುರೆಗಳು, ಒಂದು ಗಡಿಯಾರ, ಎಲ್ಲವೂ ಅದರ ಹಿಂದೆಯೇ ಹೊರಟು ಹೋದದ್ದು ಅವಳ ಮುಖದಲ್ಲಿ ಕಂಡಿತು.

ಸಿರಿಲ್ ಒಳಗೆ ಬಂದಾಗ ಯಾರೂ ಹೋಗಿರಲಿಲ್ಲ. ಹ್ಯಾನಾ ಕೋಟಿನ ಕಾಲರು ಮೇಲೆತ್ತಿ ತೂತಿನ ಮುಂದೆ ನಡುಗುತ್ತ ಕೂತಿದ್ದಳು. ಸ್ವಲ್ಪ ಹೆಚ್ಚೇ ನಡುಗುತ್ತಿದ್ದಳು.

"ಕಲ್ಲು ಬೇಡ ಅಂತ ಕಳಿಸ್ದೆ," ಎಂದ ಸಿರಿಲ್. "ಅತ್ತೆ ಇನ್ನೂ ತುಂಬಾ ದಿನ ಇರ್ತಾರೆ."

"ಈ ಚಳೀಲಿ ಭಾನುವಾರದ ತನಕ," ಎಂದಳು ಹ್ಯಾನಾ.

ಹ್ಯಾರಲ್ಡ್ ಸಗ್ಡನ್ ಇಷ್ಟು ಹೊತ್ತೂ ಗೋಡೆಗೆ ಒರಗಿ ಟೋಪಿ ತಿರುವುತ್ತ ನಿಂತಿದ್ದ. ಈಗ ಗಂಟಲು ಸರಿಮಾಡಿಕೊಂಡ. ಹೆಚ್ಚು ಮಾತಾಡುವವನಲ್ಲ, ಹಾಗಾಗಿ ಎಲ್ಲರೂ ಅವನ ಕಡೆ ತಿರುಗಿದರು.

"ಸಿರಿಲ್. ಗೂಡು ಕುಸಿದ್ರೆ ಅದು ಒಂದಿನದ ಕೆಲಸ ಅಲ್ಲ. ನಾಳೆ ನಿಮ್ಮನೇಗೆ ನೆಂಟರು ಬೇರೆ ಬರ್ತಾರಂತೆ, ಜಾಯ್ಸ್ ನಮ್ಮ ವಿನ್ನಿ ಹತ್ರ ಹೇಳ್ತಿದ್ಲು." ಅವನು ನೆಲ ನೋಡಿದ. "ನನ್ ಶೆಡ್ಡಲ್ಲಿ ಅದಿದೆಯಲ್ಲ. ವಿಂಡರ್ಮಿಯರ್. ಹಸಿರು ಅಮೃತಶಿಲೆ, ಹಿತ್ತಾಳೆ ಅಂಚು. ಒಂದು ಗೀರೂ ಬಿದ್ದಿಲ್ಲ. ನೀನಂದಿದ್ದು ಸರಿನೇ, ಅದು ಗಣಿಯೋನ ಮನೇಗೆ ಮರ್ಯಾದೆ ಅಲ್ಲ. ಆದ್ರೆ ಅಜ್ಜಿ ಇದಾರೆ, ಹುಡುಗಿ ಮದ್ವೆ ಇದೆ. ಈಗ್ಲೇ ಹೊತ್ಕೊಂಡ್ ಬರ್ತೀನಿ. ನಾಲ್ಕು ಸ್ಕ್ರೂ, ಒಂದು ಪ್ಲಗ್ಗು. ಸುಮ್ನೆ ಇಟ್ಕೋ. ಕ್ಲಬ್ಬಲ್ಲಿ ಯಾರಾದ್ರೂ ನಿನ್ನ ನೋಡಿ ನಕ್ಕರೆ, ನಂದು ಅಂತ ನಾನೇ ಹೇಳ್ತೀನಿ. ನಂಗೆ ಹೇಗೂ ಅಭ್ಯಾಸ ಆಗಿದೆ."

ಯಾರೂ ನಗಲಿಲ್ಲ. ಸಿರಿಲ್‌ನ ಕಿವಿಗಳು ನಿಜವಾದ ಕೆಂಡದ ಹಾಗೆ ಕಾದವು. ಹ್ಯಾರಲ್ಡನ ಮುಖದಲ್ಲಿ ಚುಚ್ಚುವ ಭಾವವೇನಾದರೂ ಇದೆಯೇ ಎಂದು ಅವನು ಆಸೆಯಿಂದ ಹುಡುಕಿದ. ಬೆಳಿಗ್ಗೆ ಬೂದಿ ಬಾಚಿದ ಮಸಿ ಉಗುರುಗಳಲ್ಲಿ ಉಳಿದಿತ್ತು, ಅಷ್ಟೇ. ಮುಖದಲ್ಲಿ ಏನೂ ಇರಲಿಲ್ಲ. ಎನಿಡ್ ಎರಡು ಕೈಗಳಲ್ಲೂ ಚೀಲವನ್ನು ಅವುಚಿಕೊಂಡು ಗಂಡನನ್ನೇ ನೋಡುತ್ತಿದ್ದಳು. ಅವಳ ತುಟಿಗಳು ಸದ್ದಿಲ್ಲದೆ 'ಹ್ಞೂಂ ಅನ್ನಿ' ಎನ್ನುತ್ತಿದ್ದವು. ಐವಿ ಸೋಫಾದ ಮೇಲೆ ಎದ್ದು ಕೂತಳು. ಅರ್ಧ ಬೀದಿ ಸಮಿತಿಯ ಸದಸ್ಯನ ಬಾಯಿ ನೋಡಿತು.

ಒಂದೇ ಒಂದು ನಿಜವಾದ ಮಾತು ಸಾಕಿತ್ತು. ಅದು ಅವನ ನಾಲಿಗೆಯ ತುದಿಯವರೆಗೂ ಬಂತು.

"ಬೇಡ," ಎಂದ ಸಿರಿಲ್. "ನಮ್ಮನೇಲಿ ಕೋಳಿಮರಿ ಸಾಕಲ್ಲ."