ಪೆರೋಲಿಗೆ ಒಂದು ಹೇಳಿಕೆ

ಮಸಗುಪ್ಪಿಯ ಮಾಲಿಂಗಪ್ಪನ ಮನೆಗೆ ಪೊಲೀಸರು ಬರುತ್ತಾರೆಂಬ ಸುದ್ದಿ ಬೆಳಗಿನ ಹಾಲಿಗಿಂತ ಮೊದಲೇ ಓಣಿಯನ್ನು ಮುಟ್ಟಿತ್ತು. ಜೈಲಿನಲ್ಲಿದ್ದ ಅವನ ಅಣ್ಣ ಸೋಮಲಿಂಗ ಪೆರೋಲಿಗೆ ಅರ್ಜಿ ಹಾಕಿದ್ದ. ಕಾರಣ, ತಾಯಿಯ ಗಂಭೀರ ಕಾಯಿಲೆ. ಅದು ನಿಜವೇ ಎಂದು ನೋಡಲು ಹವಾಲ್ದಾರರು ಬರುವವರಿದ್ದರು. ಸತ್ತೆವ್ವ ಹಾಸಿಗೆ ಹಿಡಿದು ಇಪ್ಪತ್ತು ದಿನವಾಗಿತ್ತು. ದೊಡ್ಡ ಮಗನ ಮುಖ ನೋಡಿ ಹೋಗಬೇಕೆಂಬುದೊಂದೇ ಅವಳ ಆಸೆ.

ಮೊದಲು ಬಂದವರು ಕಾಶಿನಾಥ ಕಾಕಾ. ಹೊಲದ ವ್ಯಾಜ್ಯಕ್ಕೆಂದು ಹನ್ನೆರಡು ವರ್ಷ ಕೋರ್ಟಿನ ಕಟ್ಟೆಯ ಮೇಲೆ ಕೂತು ಅರ್ಧ ವಕೀಲರಾಗಿದ್ದವರು.

"ಪ್ರೊಬೇಷನ್ ಅಂದ್ರ ಜೈಲಿಗೆ ಹಾಕದ ಹೊರಗಿಟ್ಟ ನಡತಿ ನೋಡೂದು. ಪೆರೋಲ್ ಅಂದ್ರ ಹಾಕಿದಾಂವನ್ನ ನಾಕ ದಿನ ಬಿಡೂದು. ಯಾರೂ ತಪ್ಪ ಹೇಳಬ್ಯಾಡ್ರಿ."

ಓಣಿಯವರು ಸಾಲಿ ಮಕ್ಕಳಂತೆ ತಲೆಯಾಡಿಸಿದರು.

ಅಷ್ಟರಲ್ಲಿ ಪಕ್ಕದ ಮನೆಯ ಶೆಟ್ಟೆವ್ವ ಸತ್ತೆವ್ವನ ಮುಖ ತೊಳೆದು, ತಲೆ ಬಾಚಿ, ವಿಭೂತಿ ಹಚ್ಚಿ, ತನ್ನದೇ ಹೊಸ ಸೀರೆ ಉಡಿಸಿಬಿಟ್ಟಿದ್ದಳು. ಮುದುಕಿ ಬೀಗರ ಮನೆಗೆ ಹೊರಟವಳಂತೆ ಕಂಡಳು. ಜಡ್ಡಿನವಳು ಜಡ್ಡಿನವಳಂತೆಯೇ ಕಾಣಬೇಕಲ್ಲ ಎಂದು ಮಾಲಿಂಗಪ್ಪ ಗೋಗರೆದ.

"ಹೊಲಸ ಕಂಡ್ರ ಸಣ್ಣ ಮಗ ನೋಡಿಕೊಳ್ಳಂಗಿಲ್ಲ ಅಂತ ಬರೀತಾರ," ಎಂದಳು ಶೆಟ್ಟೆವ್ವ.

ಹವಾಲ್ದಾರರು ಬಂದರು. ಸೋಮಲಿಂಗ ಬಂದರೆ ಯಾರದೂ ತಕರಾರಿಲ್ಲ ಎಂದು ಓಣಿ ಒಂದೇ ಉಸಿರಿನಲ್ಲಿ ಒಪ್ಪಿಸಿತು. ಎಲ್ಲ ಬರೆದುಕೊಂಡು ಅವರು ಹಾಸಿಗೆಯ ಕಡೆ ಬಾಗಿದರು.

"ಆಯಿ, ಆರಾಮ ಅದೀರೇನು?"

ಸತ್ತೆವ್ವ ಗೋಡೆ ಹಿಡಿದು ಎದ್ದು ಕೂತಳು. "ಆರಾಮ ಅದೀನ್ರಿ. ಎರಡೂ ಹೊತ್ತ ಉಣ್ತೇನಿ." ಅಷ್ಟಕ್ಕೇ ಬಿಡಲಿಲ್ಲ. ತಡೆಯಲು ಬಂದ ಮಗನ ಕೈ ಕೊಡವಿ, ನಿಂತು, ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

ನಿನ್ನೆ ಗಂಜಿಯೂ ಇಳಿದಿಲ್ಲ, ಡಾಕ್ಟರ ಚೀಟಿ ನೋಡಿ ಎಂದು ಮಾಲಿಂಗಪ್ಪ ಕೈಮುಗಿದ. ಕಾಕಾ ಬಾಯಿ ತೆರೆದು ಮುಚ್ಚಿದರು. ಹೇಳಿಕೆಯ ನಡುವೆ ಮಾತಾಡಬಾರದೆಂಬ ಕಾನೂನು ಅವರಿಗೆ ಗೊತ್ತಿತ್ತು. ಹವಾಲ್ದಾರರು ಕೆಟ್ಟವರಲ್ಲ. ಬಾಚಿದ ತಲೆ, ಹೊಸ ಸೀರೆ, ತುಂಬಿದ ತಂಬಿಗೆ ನೋಡಿದರು.

"ಚೀಟಿ ಅರ್ಜಿಗೆ ಹಚ್ಚತೇನಪಾ. ಆದ್ರ ಕಣ್ಣಿಲೆ ಕಂಡದ್ದನ್ನ ಬರೀಬೇಕಲ್ಲ."

ಸತ್ತೆವ್ವ ಸಂತೋಷದಿಂದ ಹೆಬ್ಬೆಟ್ಟು ಒತ್ತಿದಳು. ಜೀಪು ತಿರುವು ದಾಟುವಷ್ಟರಲ್ಲಿ ಕೊಯ್ದ ಜೋಳದ ದಂಟಿನಂತೆ ಬಿದ್ದಳು.

"ಯಾಕ ಹಂಗಂದಿ ಯವ್ವಾ?" ಎಂದ ಮಾಲಿಂಗಪ್ಪ.

"ಸೋಮ್ಯಾನ ಕಡಿಂದ ಬಂದಾರ. ಹೋಗಿ ಹೇಳ್ತಾರ. ನಾ ಬಿದ್ದೇನಿ ಅಂದ್ರ ಅಂವ ಒಳಗ ಕೂಳ ಬಿಡ್ತಾನ."

ಅರ್ಜಿ ತಿರಸ್ಕೃತವಾಯಿತು. ಭೇಟಿಯ ದಿನ ಮಾಲಿಂಗಪ್ಪ ಜೈಲಿಗೆ ಹೋದ. ಅವ್ವನ ಗಂಟಲಲ್ಲಿ ಈಗ ನೀರೂ ಇಳಿಯುತ್ತಿಲ್ಲವೆಂದು ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದ. ಕಬ್ಬಿಣದ ಜಾಳಿಗೆಯ ಆಚೆ ಸೋಮಲಿಂಗ ನಗುತ್ತ ನಿಂತಿದ್ದ. ಜೈಲು ಸೇರಿದ ಇಷ್ಟು ವರ್ಷಗಳಲ್ಲಿ ಅವನು ನಕ್ಕದ್ದು ಮೊದಲ ಸಲ.

"ಅರ್ಜಿ ಯಾಕ ಹೋತು ಅಂತ ಓದಿ ಹೇಳಿದ್ರು. ಅವ್ವ ಎದ್ದ ಓಡ್ಯಾಡಾಕತ್ತಾಳಂತಲ್ಲೋ. ಪೆರೋಲ್ ಹೋದ್ರ ಹೋಗ್ಲಿ ಬಿಡು."

ಮಾಲಿಂಗಪ್ಪ ಜಾಳಿಗೆ ಹಿಡಿದ. ಹೌದು, ನಿನ್ನೆ ಎರಡು ರೊಟ್ಟಿ ತಿಂದಳು ಎಂದ.