ಸಾಹೇಬರ ಟಾವೆಲ್ಲು ಮತ್ತು ಇಂಗ್ಲೆಂಡಿನ ಜೀತದಾಳು

ಬೆನ್ನುನೋವಿಗೆ ಕಾರಣ ಹುಡುಕುವಾಗ ವೈದ್ಯರು ಸಾಮಾನ್ಯವಾಗಿ ನೀರಿನ ಕೊಡ, ಹಿಟ್ಟಿನ ಚೀಲ, ಹಳೆಯ ಸ್ಕೂಟರು ಇವುಗಳ ಮೇಲೆಯೇ ಗುಮಾನಿಪಡುತ್ತಾರೆ. ನಾನು ಎತ್ತಿದ್ದು ಒಂದು ಟಾವೆಲ್ಲು ಮಾತ್ರ ಎಂದಾಗ ನಮ್ಮ ವೈದ್ಯರು ನನ್ನ ಕಡೆ ಕರುಣೆಯಿಂದ ನೋಡಿದರು.

ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ನಾನು ಮಧ್ಯಯುಗದ ಇಂಗ್ಲೆಂಡಿನ ಬದುಕು, ಸಮಾಜ ಮತ್ತು ಸಾಹಿತ್ಯ ಎಂಬ ಐಚ್ಛಿಕ ವಿಷಯವನ್ನು ಕಲಿಸುತ್ತಿದ್ದೆ. ಕೂದಲು ಕಪ್ಪಿದ್ದಾಗ ತಾತ್ಕಾಲಿಕ ಅಧ್ಯಾಪಕನಾಗಿ ಸೇರಿದವನು. ಕೂದಲಿನ ಬಿಳುಪು ಕಾಯಂ ಆಯಿತು, ನಾನು ಆಗಲಿಲ್ಲ. ನಾನು ಕಲಿಸುವ ಇಂಗ್ಲೆಂಡಿನಲ್ಲಿ ಜೀತದಾಳು ಒಡೆಯನ ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ, ಒಡೆಯನ ಗಿರಣಿಯಲ್ಲೇ ಕಾಳು ಬೀಸಬೇಕಿತ್ತು, ಹಬ್ಬಕ್ಕೆ ಕೋಳಿ ಒಪ್ಪಿಸಬೇಕಿತ್ತು. ಕವಿಗಳು ಸರದಾರನ ಗುರಾಣಿಯ ಹೊಳಪನ್ನು ಪುಟಗಟ್ಟಲೆ ಹಾಡಿದರು. ಅದನ್ನು ತಿಕ್ಕಿದವನ ಹೆಸರು ಬರೆಯುವಷ್ಟರಲ್ಲಿ ಅವರ ಶಾಯಿ ತೀರಿತ್ತು. ಇದನ್ನೆಲ್ಲ ನಾನು ಪ್ರತಿವರ್ಷ ಬಹಳ ಆವೇಶದಿಂದ ಖಂಡಿಸುತ್ತಿದ್ದೆ.

ಭಂಡಾರಕವಠೆಯಿಂದ ಬರುವ ಬೀರಣ್ಣ ಎಂಬ ವಿದ್ಯಾರ್ಥಿ ಒಮ್ಮೆ ಕೇಳಿದ: "ಸರ್, ಆ ಮಂದಿ ಓಡಿ ಯಾಕ ಹೋಗ್ಲಿಲ್ರಿ?"

ಓಡಿಹೋಗಿ ಪಟ್ಟಣದಲ್ಲಿ ಒಂದು ವರ್ಷ ಒಂದು ದಿನ ಸಿಕ್ಕಿಬೀಳದೆ ಉಳಿದರೆ ಬಿಡುಗಡೆ ಇತ್ತು ಎಂದೆ.

"ಹಂಗಾರ ನಿಮಗ ಬಿಡುಗಡಿ ಇಲ್ಲ ಬಿಡ್ರಿ ಸರ್. ದಿನಾ ಸಂಜಿಕ ಪಟ್ಟಣ ಬಿಟ್ಟು ನಿಮ್ಮ ಹಳ್ಳಿ ವಳಸಂಗಕ್ಕ ಹೊಳ್ಳಿ ಹೋಗ್ತೀರಿ."

ತರಗತಿ ನಕ್ಕಿತು. ನಾನೂ ನಕ್ಕೆ. ತಾತ್ಕಾಲಿಕನಾದವನು ಎಲ್ಲರೊಂದಿಗೂ ನಗಬೇಕು.

ಈ ವರ್ಷ ಆ ವಿಷಯವನ್ನೇ ಮುಚ್ಚುತ್ತಾರೆ, ಅದರೊಂದಿಗೆ ನನ್ನನ್ನೂ ಕಳಿಸುತ್ತಾರೆ ಎಂಬ ಸುದ್ದಿ ಹಬ್ಬಿತು. ಅದೇ ವಾರ ಸಂಸ್ಥೆಯ ಅಧ್ಯಕ್ಷರಾದ ಸಾಹೇಬರ ಹುಟ್ಟುಹಬ್ಬ. ನಮ್ಮ ಕಡೆ ದೊಡ್ಡವರಿಗೆ ಮರ್ಯಾದೆ ಮಾಡುವುದೆಂದರೆ ಹೆಗಲಿಗೆ ಟಾವೆಲ್ಲು, ತಲೆಗೆ ಟೋಪಿ, ಕೈಗೆ ತೆಂಗಿನಕಾಯಿ.

"ಎಲ್ಲಾರೂ ಅಕ್ಕಲಕೋಟಕ್ಕ ಸಾಹೇಬರ ಮನಿಗಿ ಹೊಂಟಾರ, ನೀವೂ ಹೋಗಿ ಬರ್ರಿ" ಎಂದಳು ಹೆಂಡತಿ ಮಹಾದೇವಿ.

"ನಾ ಏನ ಅವರ ಜೀತದಾಳಲ್ಲ."

"ಅಲ್ಲಂತ ನಂಗೂ ಗೊತ್ತದ. ಜೀತದಾಳಿಗಿ ನೌಕರಿ ಹೋಗೂ ಅಂಜಿಕಿ ಇರೂದಿಲ್ಲ."

ಈ ವಾದವನ್ನು ಮಧ್ಯಯುಗದ ಪಂಡಿತರೂ ಒಪ್ಪುತ್ತಿದ್ದರು. ಟಾವೆಲ್ಲು ಹೊದಿಸುತ್ತೇನೆ, ಆದರೆ ಬಾಗುವುದಿಲ್ಲ ಎಂದು ಪ್ರತಿಜ್ಞೆ ಮಾಡಿ, ಒಂದು ಟಾವೆಲ್ಲು ಕೊಂಡು ಬಸ್ಸು ಹತ್ತಿದೆ.

ಸಾಹೇಬರು ನೆಲದ ಮೇಲೆ ಗಾದಿ ಹಾಸಿಕೊಂಡು ಕುಳಿತಿದ್ದರು. ನೆಟ್ಟಗೆ ನಿಂತು ಟಾವೆಲ್ಲು ಹೊದಿಸಲು ನನ್ನ ಕೈ ಒಂದು ಮೊಳ ಕಡಿಮೆಯಾಯಿತು. ಬಾಗಿದೆ, ಸಾಲಲಿಲ್ಲ. ಮೊಣಕಾಲೂರಿ ಹೊದಿಸಿ, ಕೈಮುಗಿದೆ. ಅವರು ನನ್ನ ಜೋಡಿಸಿದ ಕೈಗಳನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದರು. ಸಾಮಂತನು ಒಡೆಯನಿಗೆ ನಿಷ್ಠೆ ತೋರುವ ಭಂಗಿ ಎಂದು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುವ ಚಿತ್ರ ಥೇಟ್ ಇದೇ.

"ಏನ ಕಲಸ್ತೀರಿ ನೀವು?"

"ಇಂಗ್ಲೆಂಡಿನ ಮಧ್ಯಯುಗರೀ ಸಾಹೇಬ."

"ಅದು ಮುಗದು ಹೋಗ್ಯದಲ್ಲ ಮಾಸ್ತರ. ಇನ್ನಾ ಯಾಕ ಕಲಸ್ತೀರಿ?"

ನನ್ನ ಕೈ ಇನ್ನೂ ಅವರ ಕೈಯೊಳಗೇ ಇತ್ತು. "ಹೌದ್ರಿ, ಮುಗದದರಿ" ಎಂದೆ. ಅವರಿಗೆ ಸಂತೋಷವಾಯಿತು. ಬಂದವರಿಗೆ ಮರಳಿ ಮರ್ಯಾದೆ ಮಾಡುವುದೂ ಪದ್ಧತಿ. ತಮ್ಮ ಹೆಗಲಿನದನ್ನೇ ತೆಗೆದು ನನಗೆ ಹೊದಿಸಿದರು. ಅಂಚಿನ ನೀಲಿ ಗೆರೆಯಿಂದ ಗುರುತು ಸಿಕ್ಕಿತು: ನನ್ನದೇ ಟಾವೆಲ್ಲು.

ಮುಂದಿನ ವಾರ ಆದೇಶ ಬಂತು. ಮಧ್ಯಯುಗವನ್ನು ಕಾಲೇಜಿನಿಂದ ತೆಗೆದುಹಾಕಲಾಗಿತ್ತು, ನನ್ನನ್ನು ಉಳಿಸಿಕೊಳ್ಳಲಾಗಿತ್ತು. ಈಗ ನಾನು ವ್ಯಕ್ತಿತ್ವ ವಿಕಸನ ಕಲಿಸುತ್ತೇನೆ. ಬೆನ್ನು ನೆಟ್ಟಗಿಟ್ಟು ನಿಲ್ಲುವುದು ಅದರ ಮೊದಲ ಪಾಠ. ಬೀರಣ್ಣ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಓಡಿ ಯಾಕೆ ಹೋಗಲಿಲ್ಲ ಎಂದು ಮತ್ತೆ ಕೇಳಿಲ್ಲ, ಒಳ್ಳೆಯ ಹುಡುಗ.

ಮೊನ್ನೆ ನಾನು ಸ್ನಾನಕ್ಕೆ ಹೊರಟಾಗ ಮಹಾದೇವಿ ಆ ಟಾವೆಲ್ಲು ತಂದಳು.

"ಘಡಿ ಮುರೀಬ್ಯಾಡ, ಮಡಚಿದ್ದು ಮಡಚಿದಂಗ ಒಳಗ ಇಡು" ಎಂದೆ. "ಮುಂದಿನ ವರ್ಷಕ್ಕ ಬೇಕಾಗ್ತದ."