ಬರ್ಮಾ ಅಂತ ಕರೆದವರು

ಕೆಲವರು ಹೋದಲ್ಲೆಲ್ಲ ನಾಯಿ ಕೈಲಿ ಕಚ್ಚಿಸಿಕೊಳ್ತಾರೆ. ನಾನು ಹೋದಲ್ಲೆಲ್ಲ ಜನ ನನಗೊಂದು ದೇಶದ ಹೆಸರು ಅಂಟಿಸಿ ಕಳಿಸ್ತಾರೆ. ಅದು ಸಲಿಗೆಯೋ ಬೈಗುಳವೋ ಅಂತ ನನ್ನನ್ನ ಕೇಳಿದವರಿದ್ದಾರೆ. ನಡೆದದ್ದು ಹೇಳ್ತೀನಿ, ತೀರ್ಮಾನ ನೀವೇ ಮಾಡಿ.

ಹಡಗಿನಲ್ಲಿ ಬಂದದ್ದು

ನಾನು ಹುಟ್ಟಿದ್ದು ರಂಗೂನಿನಲ್ಲಿ. ನಮ್ಮ ತಾತ ಮುಳಬಾಗಿಲಿನವರು. ಕೆಲಸ ಹುಡುಕಿಕೊಂಡು ಹೋದವರು ಅಲ್ಲೇ ನಿಂತುಬಿಟ್ಟರು. ಅಪ್ಪ ಅಲ್ಲೊಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು.

ಅಲ್ಲಿನ ಜನ ಇಂಡಿಯಾದೋರನ್ನ 'ಕಲಾ' ಅಂತಿದ್ದರು. ಹೊರಗಿನೋನು ಅಂತ ಅರ್ಥ. ಪಕ್ಕದ ಮನೆ ಅಜ್ಜಿ ನನ್ನನ್ನ ಹಾಗೆ ಕರೆದು ಕೈಗೆ ತೆಂಗಿನಕಾಯಿ ಮಿಠಾಯಿ ಇಡ್ತಿದ್ದಳು. ಬೀದಿ ಕೊನೆಯ ಪೊಲೀಸಿನವನೂ ಹಾಗೇ ಕರೆದು ಅಪ್ಪನ ಕೊಡೆ ಕಿತ್ತುಕೊಂಡಿದ್ದ. ಮಾತು ಒಂದೇ, ಆದರೆ ಅಜ್ಜಿ ಬಾಯಲ್ಲಿ ಬಂದಾಗ ನನಗೆ ಬಾಯಲ್ಲಿ ನೀರೂರ್ತಿತ್ತು.

ಅರವತ್ತರ ದಶಕದಲ್ಲಿ ಮಿಲಿಟರಿ ಸರ್ಕಾರ ಬಂದು ನಮ್ಮಂಥೋರಿಗೆ ಅಲ್ಲಿ ಬಾಳೋದು ಕಷ್ಟವಾಯ್ತು. ನಮ್ಮಂಥೋರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿದರು. ಅಪ್ಪ, ಅಮ್ಮ, ನಾನು, ಅಮ್ಮನ ಕಂಕುಳಲ್ಲಿ ತಂಗಿ. ಅಮ್ಮನ ಬಳೆಗಳನ್ನ ಅಲ್ಲಿನ ಅಧಿಕಾರಿಗಳು ಬಂದರಿನಲ್ಲೇ ಬಿಚ್ಚಿಸಿಕೊಂಡರು. "ಹೋಗ್ಲಿ ಬಿಡೇ, ಇನ್ಮೇಲೆ ನಮ್ಮನ್ನ ಯಾರೂ ಕಲಾ ಅನ್ನಲ್ಲವಲ್ಲ" ಅಂತ ಅಪ್ಪ ದಾರಿಯುದ್ದಕ್ಕೂ ಸಮಾಧಾನ ಹೇಳಿದರು.

ಮದ್ರಾಸಿನಲ್ಲಿ ಇಳಿದೆವು. ಅಲ್ಲೊಬ್ಬ ಅಧಿಕಾರಿ ಜೋರಾಗಿ ಕೂಗಿದ, "ಬರ್ಮಾದೋರೆಲ್ಲ ಈ ಕಡೆ ಬಂದು ನಿಲ್ಲಿ." ಅಪ್ಪ ಹಿಂದೆ ತಿರುಗಿ ನೋಡಿದರು, ನಮ್ಮ ಹಡಗಲ್ಲಿ ಬರ್ಮಾದೋರು ಯಾರು ಬಂದಿದ್ದಾರೆ ಅಂತ.

ಹೆಸರಿಟ್ಟ ಪುಣ್ಯಾತ್ಮ

ಮುಳಬಾಗಿಲಿಗೆ ಬಂದು ಸ್ವಲ್ಪ ದಿನಕ್ಕೇ ಅಪ್ಪ ತೀರಿಕೊಂಡರು. ನಾನು ರೇಡಿಯೋ ರಿಪೇರಿ ಕಲಿತು, ಎಪ್ಪತ್ತರ ಸುಮಾರಿಗೆ ಬಸ್ ಸ್ಟ್ಯಾಂಡಿನ ಎದುರು ಒಂದು ಪುಟ್ಟ ಅಂಗಡಿ ಇಟ್ಟೆ. ಪಕ್ಕದಲ್ಲೇ ಒಂದು ಟೀ ಅಂಗಡಿ. ಅದರ ಮಾಲೀಕ ಕೃಷ್ಣಗಿರಿ ಕಡೆಯ ತಮಿಳಿನವನು. ನನಗೆ ಮೊದಲ ದಿನವೇ 'ಬರ್ಮಾ' ಅಂತ ನಾಮಕರಣ ಮಾಡಿದೋನು ಇವನೇ. ನಾನೇನು ಬಿಡ್ತೀನಾ, ಅವನನ್ನ 'ಕೊಂಗ' ಅಂದೆ. ತಮಿಳರನ್ನ ಹಾಗಂದ್ರೆ ಬೇರೆ ಕಡೆ ಹೊಡೆದಾಟವಾಗುತ್ತೆ. ನಮ್ಮಿಬ್ಬರಿಗೆ ಅದೇ ನಮಸ್ಕಾರ.

"ಏನ್ಲಾ ಬರ್ಮಾ, ಎದ್ದಾ?"

"ಎದ್ದೆ ಕಣೋ ಕೊಂಗ, ಟೀ ಕಳಿಸು."

ಒಂದಿನ ಯಾರೋ ಗಿರಾಕಿ ಕೂತಲ್ಲಿಂದಲೇ, "ಏ ಕೊಂಗ, ಇನ್ನೊಂದು ಟೀ ತಾರೋ" ಅಂದ. ಇವನು ತಂದ, ತಂದು ಅವನ ಪಂಚೆ ಮೇಲೆ ಸುರಿದ. ನಾನು ಓಡಿಹೋಗಿ ಬಿಡಿಸಿದೆ.

"ಅಲ್ಲಯ್ಯಾ, ದಿನಾ ಬೆಳಿಗ್ಗೆ ನಾನೂ ಅದನ್ನೇ ಅಂತೀನಲ್ಲ?" ಅಂತ ಕೇಳಿದೆ.

"ನೀನು ನನ್ ಮುಖ ನೋಡ್ಕೊಂಡು ಕರೀತೀಯ. ಅವನು ಲೋಟ ನೋಡ್ಕೊಂಡು ಕರೆದ" ಅಂದ.

ನಾನು ಇದುವರೆಗೂ ಕೇಳಿರೋ ಉತ್ತರಗಳಲ್ಲಿ ಇದೇ ವಾಸಿ. ಆಮೇಲೆ ಅವನು ಸುರಿದ ಟೀಗೂ ಆ ಗಿರಾಕಿ ಹತ್ರಾನೇ ದುಡ್ಡು ಈಸ್ಕೊಂಡ.

ರೇಡಿಯೋ ಕಲಿತ ಭಾಷೆ

ಶ್ರೀನಿವಾಸಪುರದ ಮಾವಿನ ತೋಟದ ಯಜಮಾನರೊಬ್ಬರು ರೇಡಿಯೋ ಹೊತ್ತುಕೊಂಡು ಬಂದರು. "ಏನಪ್ಪಾ ಬರ್ಮಾ, ನೀನು ರಿಪೇರಿ ಮಾಡಿದಾಗಿಂದ ಇದು ನಿಮ್ ಭಾಷೇನೇ ಮಾತಾಡ್ತೈತೆ. ಕನ್ನಡಕ್ಕೆ ತಿರುಗಿಸಿಕೊಡು."

ಹಾಕಿ ನೋಡಿದೆ. ಮುಳ್ಳು ಶಾರ್ಟ್ ವೇವಿಗೆ ಹೋಗಿ ನಿಂತಿದೆ, ಯಾರೋ ಹೆಂಗಸು ಚೀನಾ ಭಾಷೆಯಲ್ಲಿ ವಾರ್ತೆ ಓದ್ತಿದ್ದಾಳೆ.

"ಯಜಮಾನ್ರೇ, ಇದು ನಮ್ದಲ್ಲ, ಚೀನಾದ್ದು."

"ಹೋಗ್ಲಿ ಬಿಡು, ನಿಮ್ ಪಕ್ಕದ ಮನೆಯೋರೇ ತಾನೇ."

ನಾವೂ ಈ ಊರಿನೋರೇ, ಮನೇಲಿ ತೆಲುಗು, ಹೊರಗೆ ಕನ್ನಡ, ತಾತನ ಕಾಲದಿಂದ ಹೀಗೇ ಅಂತ ವಿವರವಾಗಿ ಹೇಳಿದೆ. ಅವರು ತಲೆ ಆಡಿಸ್ತಾ ಪೂರ್ತಿ ಕೇಳಿದರು. ನಾನು ಮುಳ್ಳು ತಿರುಗಿಸಿ ಬೆಂಗಳೂರು ಹಿಡಿಸಿಕೊಟ್ಟೆ. ಹೋಗೋವಾಗ ಬೆನ್ನು ತಟ್ಟಿ, "ಪರವಾಗಿಲ್ಲ ಕಣಪ್ಪ, ಹೊರದೇಶದೋನಾದ್ರೂ ಕನ್ನಡ ಚೆನ್ನಾಗಿ ಕಲ್ತಿದ್ದೀಯ" ಅಂದರು.

ಅಮ್ಮನ ದೇಶ

ಯಾರೋ ಪುಣ್ಯಾತ್ಮ ಪೊಲೀಸ್ ಸ್ಟೇಷನ್ನಿಗೆ ಹೇಳಿದ್ದಿರಬೇಕು, ಒಬ್ಬ ಪೇದೆ ಮನೆಗೇ ಬಂದ. ಹೊಸಬ, ಪಾಪದೋನು. ನಾನು ಅಂಗಡಿಗೆ ಹೊರಟು ಚಪ್ಪಲಿ ಮೆಟ್ತಿದ್ದೆ. ಅಮ್ಮ ಹಿತ್ತಲಲ್ಲಿ ಚಟ್ನಿ ರುಬ್ಬುತ್ತಿದ್ದಳು.

"ಇಲ್ಲಿ ಯಾರೋ ಬರ್ಮಾದೋರಿದ್ದಾರಂತೆ, ವಿಚಾರಿಸಬೇಕಿತ್ತು. ನಿಮ್ ದೇಶ ಯಾವ್ದಮ್ಮ?" ಅಂತ ಹಿತ್ತಲಿಗೇ ಹೋಗಿ ಅಮ್ಮನನ್ನೇ ಕೇಳಿದ.

ಅಮ್ಮ ಒರಳು ಬಿಟ್ಟು ಎದ್ದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರೋದು. "ಎವುರ್ರಾ ನುವ್ವು, ಮಾ ಇಂಟಿಕಿ ವಚ್ಚಿ ಮಾ ದೇಶಂ ಅಡಿಗೇದಾನಿಕಿ?" ಅಂತ ಶುರು ಮಾಡಿದಳು. ಯಾರೋ ನೀನು ನಮ್ಮ ಮನೆಗೆ ಬಂದು ನಮ್ಮ ದೇಶ ಕೇಳೋಕೆ ಅನ್ನೋದು ಬರೀ ಪೀಠಿಕೆ. ಆಮೇಲೆ ಅವನ ಮೀಸೆ, ಅವನ ವಂಶ, ಅವನಿಗೆ ಹೆಣ್ಣು ಕೊಡೋ ಮನೆಯೋರ ಹಣೆಬರಹ, ಯಾವುದನ್ನೂ ಬಿಡಲಿಲ್ಲ. ಪೇದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೈ ಮುಗಿದ.

"ಸಾಕಮ್ಮ, ಗೊತ್ತಾಯ್ತು. ಹೊರದೇಶದೋರಿಗೆ ಹಿಂಗೆ ಬೈಯಕ್ಕೆ ಬರಲ್ಲ. ನೀವು ಇಲ್ಲಿಯೋರೇ."

ಅವನು ಹೋದ ಮೇಲೆ ನಾನು ನಗ್ತಾ ಹಿತ್ತಲಿಗೆ ಹೋದೆ. ಅಮ್ಮ ಒರಳ ಮುಂದೆ ಕೂತು ಅಳ್ತಿದ್ದಳು. "ಅಲ್ಲೂ ಕೇಳಿದ್ರು, ಇಲ್ಲೂ ಕೇಳ್ತಾರಲ್ಲೋ" ಅಂದಳು. ನನ್ನ ನಗು ಅಲ್ಲೇ ನಿಂತಿತು. ಅವತ್ತು ನಾವು ಬರೀ ದೋಸೆ ತಿಂದೆವು.

ಲಕ್ಕೂರಿನವರು ಬಂದದ್ದು

ತಂಗಿ ದೊಡ್ಡವಳಾದಳು. ಬರ್ಮಾದ ನೆನಪು ಅವಳಿಗೆ ಒಂಚೂರೂ ಇಲ್ಲ, ಆದರೆ ಊರಿಗೆಲ್ಲ ಅವಳು ಬರ್ಮಾ ತಂಗಿ. ಗಂಡು ಹುಡುಕಿ ಹುಡುಕಿ ನನಗೂ ಅಮ್ಮನಿಗೂ ಸಾಕಾಗಿತ್ತು. ಅಲ್ಲಿ ಏನೇನು ತಿಂದಿದ್ದೀರೋ, ಯಾರ ಜೊತೆ ಬೆರೆತಿದ್ದೀರೋ ಅಂತ ಜನ ಹಿಂದೆಗೆಯುತ್ತಿದ್ದರು. ಕಡೆಗೂ ಮಾಲೂರಿನ ಹತ್ತಿರದ ಲಕ್ಕೂರಿಂದ ಒಂದು ಸಂಬಂಧ ಕೂಡಿಬಂತು. ಹುಡುಗ ಮೇಷ್ಟರು. ಕೋಲಾರದಲ್ಲಿ ಒಂದು ಮದುವೆಯಲ್ಲಿ ತಂಗಿಯನ್ನ ಅವನೇ ನೋಡಿ ಮೆಚ್ಚಿದ್ದ. ತಂಗಿಗೂ ಇಷ್ಟವಾಗಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ಹಿರಿಯರು ಮನೆಗೆ ಬಂದು ಮಾತು ಮುಗಿಸೋದೊಂದು ಬಾಕಿ.

ಅವತ್ತು ತಂಗಿ ತಾನೇ ಕೇಸರಿಬಾತ್ ಮಾಡಿದಳು. ತುಪ್ಪ ಕೈ ಬಿಟ್ಟು ಹಾಕಿದ್ದಳು. ಹತ್ತು ಗಂಟೆ ಬಸ್ಸಿಗೆ ಬರಬೇಕಾದೋರು ಮಧ್ಯಾಹ್ನವಾದರೂ ಇಲ್ಲ. ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಟೀ ಅಂಗಡಿಯವನು ಹಾಲು ತರೋಕೆ ಹೋಗಿದ್ದ. ಬಸ್ ಏಜೆಂಟು ಸಿಕ್ಕ.

"ಲಕ್ಕೂರಿನೋರಾ? ಬಂದಿದ್ರಲ್ಲ. ಟೀ ಕುಡಿದು, ಬಂದ ಬಸ್ಸಿಗೇ ವಾಪಸ್ ಹತ್ತಿದ್ರು."

ಮನೆಗೆ ಬಂದು ಹೇಳಿದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ತಂಗಿ ಉಟ್ಟ ರೇಷ್ಮೆ ಸೀರೆ ಬಿಚ್ಚದೆ ಹಾಗೇ ಕೂತಿದ್ದಳು.

ಸಾಯಂಕಾಲ ಟೀ ಅಂಗಡಿಯವನು ಹಿಗ್ಗುತ್ತಾ ಬಂದ. ಗಿರಾಕಿಗಳ ಗಲಾಟೆಯಲ್ಲಿ ಅವರು ವಾಪಸ್ ಹೋದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ನಮ್ಮ ಮನೆಗೇ ಬಂದು ಮಾತು ಮುಗಿಸಿದ್ದಾರೆ ಅಂದುಕೊಂಡಿದ್ದ.

"ಏನ್ಲಾ ಬರ್ಮಾ, ಒಪ್ಪಿಗೆನಾ? ನಾನು ಹೇಳಿರೋದಕ್ಕೆ ಒಪ್ಪಲೇಬೇಕು. ಮೊದ್ಲು ನಿನ್ ಹೆಸರು ಹೇಳಿ ಕೇಳಿದ್ರು, ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂದೆ. ರೇಡಿಯೋ ಅಂಗಡಿ ಅಂದ್ಮೇಲೆ, ಓ ನಮ್ ಬರ್ಮಾನಾ ಅಂದೆ. ಕುಲ ಗೋತ್ರ ಹೆಂಗೆ ಅಂದ್ರು. ಅಯ್ಯೋ, ಬರ್ಮಾದಲ್ಲಿ ಅದೆಲ್ಲ ಇಲ್ಲ ಸ್ವಾಮಿ, ಎಲ್ಲಾರ ಜೊತೆ ಕೂತ್ಕೋತಾರೆ, ಏನಿದ್ರೂ ತಿಂತಾರೆ, ಒಂದು ಮಡಿ ಇಲ್ಲ, ಒಂದು ಮೈಲಿಗೆ ಇಲ್ಲ, ಚಿನ್ನದಂಥ ಜನ ಅಂದೆ. ಮೂಗಿನ ಮೇಲೆ ಬೆರಳಿಟ್ಕೊಂಡು ಕೇಳಿದ್ರು ಕಣೋ."

ನನ್ನ ಕೈ ಎದ್ದಿತ್ತು. ಅವನ ಕೆನ್ನೆಗೆ ಬಾರಿಸಬೇಕು ಅಂತಲೇ ಎದ್ದಿತ್ತು. ತಂಗಿ ನಡುವೆ ಬಂದು ನಿಂತಳು.

"ಹೌದಣ್ಣ, ಬಂದಿದ್ರು. ನೀನು ಹೇಳಿದ್ದೆಲ್ಲ ಹೇಳಿದ್ರು. ಕೂತ್ಕೋ" ಅಂತ ಅವನಿಗೆ ಹೇಳಿದಳು. ತಟ್ಟೆ ತುಂಬ ಕೇಸರಿಬಾತ್ ಹಾಕಿ ತಂದುಕೊಟ್ಟಳು.

ಅವಳ ಹಿಂದೆ ಅಡುಗೆಮನೆಗೆ ಹೋಗಿ, "ಯಾಕೆ ಸುಳ್ಳು ಹೇಳಿದೆ?" ಅಂತ ಕೇಳಿದೆ.

"ಹೇಳಬೇಡ ಕಣಣ್ಣ. ಗೊತ್ತಾದ್ರೆ ಅಂಗಡಿ ಮುಚ್ಚಿ ಊರು ಬಿಡ್ತಾನೆ ಅವನು" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಪಾತ್ರೆ ಎತ್ತಿಕೊಂಡು ಹೊರಗೆ ಹೋದಳು.

ಅವನು ಬೆರಳು ನೆಕ್ಕುತ್ತಾ ಕೂತಿದ್ದ. "ತಂಗಚ್ಚಿ, ಇಂಥ ಕೇಸರಿಬಾತ್ ತಿಂದ್ಮೇಲೆ ಅವರು ಬಿಡ್ತಾರಾ? ಇನ್ನೊಂದ್ ಚೂರು ಹಾಕು" ಅಂದ. ಲಕ್ಕೂರಿನವರ ಪಾಲನ್ನೆಲ್ಲ ಅವನ ತಟ್ಟೆಗೇ ಬಗ್ಗಿಸಿದಳು. ನನ್ನ ತಂಗಿಯ ಮದುವೆ ಲೆಕ್ಕದಲ್ಲಿ ಹೊಟ್ಟೆ ತುಂಬ ಉಂಡೋನು ಇವತ್ತಿನವರೆಗೂ ಅವನೊಬ್ಬನೇ.